ಕಾವಲಿನ ಹುಲ್ಲು: ಕಾದರೆ ಬೆಳೆ, ಬಿಟ್ಟರೆ ಬಂಜರು

ಬೆಲೆಯಿಲ್ಲದ ವಸ್ತುವನ್ನು ‘ತೃಣಸಮಾನ’ ಎನ್ನುವುದು ರೂಢಿ. ಹುಲ್ಲೆಂದರೆ ತಾನಾಗಿ ಹುಟ್ಟುವುದು, ತುಳಿದರೂ ಚಿಗುರುವುದು, ಯಾರೂ ಬಿತ್ತದ್ದು, ಯಾರೂ ಲೆಕ್ಕ ಇಡದ್ದು ಎಂಬ ಭಾವನೆ ಈ ಮಾತಿನ ಹಿಂದಿದೆ. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಒಂದು ಕಾಲದಲ್ಲಿ ಹುಲ್ಲಿಗೂ ಲೆಕ್ಕವಿತ್ತು, ಕಾವಲುಗಾರನಿದ್ದ, ಇಲಾಖೆಯಿತ್ತು. ಆ ಹುಲ್ಲಿನ ಬಲದಿಂದ ಫಿರಂಗಿಗಳು ಚಲಿಸಿದವು, ಯುದ್ಧಗಳ ಗತಿ ಬದಲಾಯಿತು. ಇಂದು ಅದೇ ನೆಲ ಅನೇಕ ಕಡತಗಳಲ್ಲಿ ‘ಬಂಜರು’. ಹುಲ್ಲು ಬೆಳೆದ ನೆಲ ಬಂಜರು ಹೇಗಾಯಿತು? ಒಮ್ಮೆ ಅಳಿದ ಹುಲ್ಲನ್ನು ಮತ್ತೆ ಬೆಳೆಸಲು ಸಾಧ್ಯವೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಹುಲ್ಲಿನ ಬುಡದಲ್ಲೇ ಇದೆ.

ಹೆಬ್ಬೆಯಿಂದ ಅಜ್ಜಂಪುರಕ್ಕೆ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಕೆಳಗಿರುವ ಹೆಬ್ಬೆ ಜಲಪಾತಕ್ಕೆ ಹೋಗುವವರು ಕಾಫಿ ತೋಟಗಳನ್ನೂ ದಟ್ಟ ಕಾಡನ್ನೂ ಹಾದು, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂಬ ಎರಡು ಹಂತಗಳಲ್ಲಿ ಧುಮುಕುವ ನೀರನ್ನು ನೋಡಿ ಹಿಂದಿರುಗುತ್ತಾರೆ. ಈ ನೀರಿನ ತವರು ಮೇಲಿನ ಬೆಟ್ಟಗಳು. ಬಾಬಾಬುಡನ್ ಗಿರಿಶ್ರೇಣಿಯ ನೆತ್ತಿಯಲ್ಲಿ ಮರಗಳಿಲ್ಲ, ಹುಲ್ಲಿದೆ. ಮರಗಳು ಕಣಿವೆಯ ಮಡಿಲಲ್ಲಿ ಶೋಲಾ ಕಾಡಾಗಿ ಅಡಗಿವೆ. ಹುಲ್ಲು ಮಳೆನೀರಿನ ಓಟವನ್ನು ತಡೆದು ನೆಲಕ್ಕೆ ಇಳಿಸುತ್ತದೆ. ಹಾಗೆ ಇಳಿದ ನೀರು ನಿಧಾನವಾಗಿ ಒಸರಿ ಹಳ್ಳವಾಗುತ್ತದೆ. 2022ರಲ್ಲಿ ಈ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿದಾಗ ಸಾವಿರಾರು ಜನ ಹೂವನ್ನು ನೋಡಲು ಬಂದರು. ಹೂವಿಗೆ ನೆಲೆ ಕೊಟ್ಟ ಹುಲ್ಲನ್ನು ನೋಡಿದವರು ಕಡಿಮೆ.

ಬೆಟ್ಟ ಇಳಿದು ಮೂಡಣಕ್ಕೆ ಸಾಗಿದರೆ ನಲವತ್ತು ಐವತ್ತು ಕಿಲೋಮೀಟರ್ ಒಳಗೆ ಲೋಕವೇ ಬದಲಾಗುತ್ತದೆ. ಹೆಬ್ಬೆಯ ಕಾಡಿನ ಮೇಲೆ ಸುರಿಯುವ ಮಳೆಯನ್ನು ಗಿರಿಶ್ರೇಣಿ ತಡೆಯುತ್ತದೆ. ಅದರ ಮರೆಯಲ್ಲಿರುವ ಕಡೂರು, ಬೀರೂರು, ಅಜ್ಜಂಪುರಗಳಿಗೆ ವರ್ಷಕ್ಕೆ ಬೀಳುವುದು ಆರೇಳು ನೂರು ಮಿಲಿಮೀಟರ್ ಮಾತ್ರ. ಅದೂ ಕೆಲವೇ ತಿಂಗಳುಗಳಲ್ಲಿ, ಬಿಟ್ಟು ಬಿಟ್ಟು. ಗರಸು ಮಿಶ್ರಿತ ಕೆಂಪು ನೆಲ, ಅಲ್ಲಲ್ಲಿ ಎರೆ. ಇಂಥ ಕಡೆ ದಟ್ಟ ಕಾಡು ಬೆಳೆಯುವುದು ಕಷ್ಟ. ಅಲ್ಲೊಂದು ಇಲ್ಲೊಂದು ಜಾಲಿ, ಮುತ್ತುಗ, ಬೇವು. ನಡುವೆ ಕಣ್ಣು ಹಾಯುವವರೆಗೆ ಹುಲ್ಲು. ವಿರಳ ಮರಗಳ ಈ ಬಗೆಯ ಹುಲ್ಲುಗಾವಲಿಗೆ ಭೂಗೋಳದ ಪುಸ್ತಕಗಳು ಕೊಡುವ ಹೆಸರು ಸವನ್ನಾ. ಸವನ್ನಾ ಎಂದೊಡನೆ ಆಫ್ರಿಕದ ಸಿಂಹ, ಜಿರಾಫೆಗಳು ಮನಸ್ಸಿಗೆ ಬರುತ್ತವೆ. ಆದರೆ ಕಡೂರಿನ ಬಯಲೂ ಸವನ್ನಾವೇ. ಇಲ್ಲಿಯ ಪ್ರಾಣಿಗಳು ಕೃಷ್ಣಮೃಗ, ತೋಳ, ನರಿ. ಹಕ್ಕಿಗಳಲ್ಲಿ ಲಾವುಗೆ, ನೆಲಗುಬ್ಬಿಗಳು. ಹಿಂದೆ ಎರೆಭೂತ ಎಂಬ ದೊಡ್ಡ ಹಕ್ಕಿಯೂ ಇಂಥ ಬಯಲುಗಳಲ್ಲಿತ್ತು. ಸಾಕುಪ್ರಾಣಿಯ ಪೈಕಿ ಈ ನೆಲದ ಹೆಮ್ಮೆ ಅಮೃತ ಮಹಲ್ ದನ.

ಬೆಣ್ಣೆ ಚಾವಡಿಯ ದನ

ಮೈಸೂರನ್ನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಸ್ಥಾಪಿಸಿ, ಅವುಗಳ ಮೇವಿಗಾಗಿ ನಾಡಿನ ನಾನಾ ಭಾಗಗಳಲ್ಲಿ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಹೈದರಾಲಿಯ ಕಾಲಕ್ಕೆ ಹಾಗಲವಾಡಿ, ಚಿತ್ರದುರ್ಗ ಮುಂತಾದ ಪಾಳೆಯಪಟ್ಟುಗಳ ದನಗಳೂ ಸೇರಿ ಹಿಂಡು ಬೆಳೆಯಿತು. ಟಿಪ್ಪು ಸುಲ್ತಾನ್ ಇಲಾಖೆಯ ಹೆಸರನ್ನು ‘ಅಮೃತ ಮಹಲ್’ ಎಂದು ಬದಲಿಸಿ, ದನಗಳ ಪಾಲನೆಗೆ ವಿವರವಾದ ಹುಕುಂನಾಮೆ ಹೊರಡಿಸಿದ. ಹೆಸರಿನಲ್ಲಿ ಬೆಣ್ಣೆ, ಅಮೃತಗಳಿದ್ದರೂ ಈ ದನದ ಕೀರ್ತಿ ಹಾಲಿನದಲ್ಲ, ವೇಗದ್ದು. ಹೈದರನ ಸೈನ್ಯ ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ಕ್ರಮಿಸಿದ್ದು ಈ ಎತ್ತುಗಳಿಂದ ಎಂದು ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಎತ್ತುಗಳು ಬ್ರಿಟಿಷರ ಕೈಸೇರಿದವು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದ ಆರ್ಥರ್ ವೆಲ್ಲೆಸ್ಲಿ 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದಾಗಲೂ ಸೈನ್ಯದ ಭಾರ ಹೊತ್ತವು ಇಂಥ ಎತ್ತುಗಳೇ.

ಈ ವೇಗದ ಗುಟ್ಟು ದಾಣಿಯಲ್ಲಿ ಇರಲಿಲ್ಲ. ಹಿಂಡುಗಳು ಕೊಟ್ಟಿಗೆಯನ್ನೇ ಕಾಣದೆ, ಅರೆಕಾಡು ಸ್ಥಿತಿಯಲ್ಲಿ, ಹುಲ್ಲನ್ನೇ ಮೇದು ಬೆಳೆಯುತ್ತಿದ್ದವು. ಆದ್ದರಿಂದ ಮೇವಿನ ವ್ಯವಸ್ಥೆ ಬಹು ಎಚ್ಚರಿಕೆಯದಾಗಿತ್ತು. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ನೆರಳೂ ನೀರೂ ಇರುವ ತಗ್ಗಿನ ಕಾವಲುಗಳು ಬೇಸಿಗೆಗೆ ಮೀಸಲು. ಹಿಂಡು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತಿತ್ತು. ಮೇದ ನೆಲಕ್ಕೆ ಬಿಡುವು ಸಿಗುತ್ತಿತ್ತು. ಹಿಂಡುಗಳ ಮೇಲ್ವಿಚಾರಣೆಗೆ ಸೇರ್ವೆಗಾರರು, ಹುಲ್ಲಿಗೆ ಕಾವಲುಗಾರರು. ‘ಕಾವಲು’ ಎಂಬ ಹೆಸರೇ ಕಾಯುವ ಕೆಲಸದಿಂದ ಬಂದದ್ದು. ಇಲ್ಲಿ ಹುಲ್ಲನ್ನು ಯಾರೂ ಬಿತ್ತಲಿಲ್ಲ ನಿಜ, ಆದರೆ ಕಾದು ಬೆಳೆಸಿದರು.

1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಇಡೀ ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿಸಿದರು. ತಪ್ಪು ಬೇಗನೆ ಮನವರಿಕೆಯಾಗಿ 1866ರಲ್ಲಿ ಮತ್ತೆ ಹಿಂಡು ಕಟ್ಟುವ ಕೆಲಸ ಆರಂಭವಾಯಿತು. ಮಾರಿದ ದನವನ್ನು ಹುಡುಕಿ ಕೊಳ್ಳಲು ಪಟ್ಟ ಪಾಡು ದೊಡ್ಡದು. ಆದರೂ ಅದು ಸಾಧ್ಯವಾಯಿತು, ಏಕೆಂದರೆ ಹುಲ್ಲುಗಾವಲು ಉಳಿದಿತ್ತು. ಇಂದು ಈ ತಳಿಯ ಮುಖ್ಯ ನೆಲೆ ಪಶುಪಾಲನಾ ಇಲಾಖೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ. ಈಗ ಸ್ಥಿತಿ ತಿರುಗುಮುರುಗಾಗಿದೆ. ದನವಿದೆ, ಹುಲ್ಲಿಗೆ ಕುತ್ತು ಬಂದಿದೆ.

ತಿರುಚಿದ ಊಬಿನ ಬಲ

ಕಾವಲಿನ ಹುಲ್ಲು ಒಂದೇ ಜಾತಿಯದಲ್ಲ, ಹತ್ತಾರು ಜಾತಿಗಳ ಸಂಸಾರ. ಅದರಲ್ಲಿ ಎಲ್ಲರ ಕಣ್ಣಿಗೂ, ಅದಕ್ಕಿಂತ ಮುಂಚೆ ಕಾಲಿಗೂ ಬೀಳುವ ಒಂದು ಹುಲ್ಲಿದೆ. ಮಳೆಗಾಲ ಮುಗಿದ ಮೇಲೆ ಕಾವಲಿನಲ್ಲಿ ನಡೆದವರ ಪಂಚೆ, ಸೀರೆಯ ಅಂಚಿಗೆ ಕಂದು ಬಣ್ಣದ ಈಟಿಗಳು ಚುಚ್ಚಿಕೊಳ್ಳುತ್ತವೆ. ಕೀಳಲು ಹೋದರೆ ಬೆರಳಿಗೂ ನೆಡುತ್ತವೆ. ಸಸ್ಯಶಾಸ್ತ್ರದಲ್ಲಿ ಇದು ಹೆಟೆರೊಪೋಗನ್ ಕಾಂಟಾರ್ಟಸ್. ಊರೂರಿಗೆ ಹೆಸರು ಬೇರೆಯಾಗುವುದರಿಂದ, ಅದರ ಎದ್ದು ಕಾಣುವ ಲಕ್ಷಣವನ್ನು ಹಿಡಿದು ಊಬಿನ ಹುಲ್ಲು ಎಂದರೆ ಸಾಕು. ಲಿನೇಯಸ್ 1753ರಲ್ಲಿ ಹೆಸರಿಡುವಾಗ ಆರಿಸಿದ ‘ಕಾಂಟಾರ್ಟಸ್’ ಎಂಬ ಪದಕ್ಕೂ ‘ತಿರುಚಿದ್ದು’ ಎಂದೇ ಅರ್ಥ.

ಇದು ಬಹುವಾರ್ಷಿಕ. ಮೇಲಿನ ಗರಿ ಒಣಗಿದರೂ ಬುಡ ಸಾಯುವುದಿಲ್ಲ. ಮೊದಲ ಮುಂಗಾರಿಗೆ ಅದೇ ಬುಡ ಹತ್ತಾರು ತೆಂಡೆ ಒಡೆಯುತ್ತದೆ. ಮೊಣಕಾಲಿನಿಂದ ಸೊಂಟದವರೆಗೆ ಬೆಳೆದು, ಮಳೆಗಾಲದ ಕೊನೆಗೆ ಒಂದೇ ಪಕ್ಕಕ್ಕೆ ಬಾಗಿದ ತೆನೆ ಬಿಡುತ್ತದೆ. ತೆನೆಯ ಕೆಳಭಾಗದ ಕಾಳುಗಳಿಗೆ ಊಬಿಲ್ಲ. ಮೇಲ್ಭಾಗದ ಬೀಜಗಳಿಗೆ ಬೆರಳುದ್ದದ ಕಂದು ಊಬು. ಬಲಿತಾಗ ಈ ಊಬುಗಳೆಲ್ಲ ಜಡೆಯಂತೆ ಒಂದಕ್ಕೊಂದು ಹೆಣೆದುಕೊಂಡು, ಗಾಳಿಗೆ ಸಿಕ್ಕು ಸಿಕ್ಕಾಗಿ ಉದುರುತ್ತವೆ.

ಊಬಿನ ಕೆಲಸ ಅಲ್ಲಿಂದ ಆರಂಭ. ಅದು ಒಣಗಿದಾಗ ಹಗ್ಗದಂತೆ ಹೊಸೆದುಕೊಳ್ಳುತ್ತದೆ, ತೇವ ತಗುಲಿದರೆ ಬಿಚ್ಚಿಕೊಳ್ಳುತ್ತದೆ. ರಾತ್ರಿಯ ಇಬ್ಬನಿಗೆ ಒಂದು ಕಡೆ, ಹಗಲ ಬಿಸಿಲಿಗೆ ಇನ್ನೊಂದು ಕಡೆ ತಿರುಗುತ್ತ ಬೀಜವನ್ನು ಬೈರಿಗೆಯಂತೆ ನೆಲಕ್ಕೆ ಕೊರೆಯುತ್ತದೆ. ಬೀಜದ ಬುಡ ಸೂಜಿಯಷ್ಟು ಚೂಪು. ಅದರ ಮೇಲಿನ ರೋಮಗಳು ಹಿಮ್ಮುಖವಾಗಿರುವುದರಿಂದ ಒಮ್ಮೆ ಒಳಹೊಕ್ಕ ಬೀಜ ಹೊರಬರುವುದಿಲ್ಲ. ಇರುವೆಯ ಕಣ್ಣು ತಪ್ಪಿಸಿ, ಬೆಂಕಿಯ ಕಾವಿನಿಂದ ಪಾರಾಗಿ, ಮುಂದಿನ ಮಳೆಯವರೆಗೆ ಮಣ್ಣಿನೊಳಗೆ ಕಾಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇದೇ ಉಪಾಯ ಕುರಿಗೆ ಶತ್ರು. ಉಣ್ಣೆಯೊಳಗೆ ಹೊಕ್ಕ ಬೀಜ ಚರ್ಮ ಕೊರೆದು ಹುಣ್ಣು ಮಾಡುತ್ತದೆ, ಬಾಯಿಗೂ ಚುಚ್ಚುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಈ ಹುಲ್ಲು ಹಬ್ಬಿದ ಪ್ರದೇಶಗಳಲ್ಲಿ ಕುರಿ ಸಾಕಣೆ ಹಿಂದೆ ಸರಿದು ದನ ಸಾಕಣೆ ನೆಲೆಯೂರಲು ಇದೂ ಒಂದು ಕಾರಣವಾಯಿತು. ಹವಾಯಿ ದ್ವೀಪಗಳಲ್ಲಿ ಇದೇ ಹುಲ್ಲು ‘ಪಿಲಿ’ ಎಂಬ ಹೆಸರಿನಲ್ಲಿ ಮನೆಗಳ ಸೂರಿಗೆ ಹೊದಿಕೆಯಾಯಿತು. ಒಂದೇ ಹುಲ್ಲು ಒಬ್ಬರಿಗೆ ಕಳೆ, ಒಬ್ಬರಿಗೆ ಮೇವು, ಇನ್ನೊಬ್ಬರಿಗೆ ಮನೆ.

ಹುಲ್ಲು ಹೇಳುವ ನೆಲದ ಆರೋಗ್ಯ

ಭಾರತದ ಹುಲ್ಲುಗಾವಲುಗಳನ್ನು ಸಮೀಕ್ಷೆ ಮಾಡಿ ದಬಡ್‌ಘಾವ್ ಮತ್ತು ಶಂಕರನಾರಾಯಣ್ ಅವರು 1973ರಲ್ಲಿ ಪ್ರಕಟಿಸಿದ ಗ್ರಂಥ ದೇಶದ ಹುಲ್ಲುಹೊದಿಕೆಯನ್ನು ಐದು ಬಗೆಗಳಾಗಿ ವಿಂಗಡಿಸಿತು. ದಖ್ಖನ್ ಪ್ರಸ್ಥಭೂಮಿಯ ಬಹುಭಾಗ ಸೇರುವುದು ಸೆಹಿಮಾ-ಡೈಕಾಂತಿಯಂ ಎಂಬ ಬಗೆಗೆ. ಕೆಂಪು ಗರಸು ನೆಲದಲ್ಲಿ ಸೆಹಿಮಾ, ಎರೆ ನೆಲದಲ್ಲಿ ಡೈಕಾಂತಿಯಂ ಮೇಲುಗೈ. ಎರಡೂ ದನ ಬಯಸಿ ಮೇಯುವ ಮೆದು ಹುಲ್ಲುಗಳು.

ಮೇವಿನ ಒತ್ತಡ ಹೆಚ್ಚಿದಂತೆ ಈ ಹುಲ್ಲುಗಳು ಏಣಿಯ ಮೆಟ್ಟಿಲು ಇಳಿದಂತೆ ಬದಲಾಗುತ್ತವೆ. ದನ ಮೊದಲು ಆರಿಸಿ ತಿನ್ನುವುದು ಸೆಹಿಮಾವನ್ನು. ಅದು ಬೀಜ ಕಟ್ಟುವ ಮೊದಲೇ ಖಾಲಿಯಾದರೆ, ಆ ಜಾಗಕ್ಕೆ ಊಬಿನ ಹುಲ್ಲು ಬರುತ್ತದೆ. ಅದರ ಈಟಿಗಳೇ ಅದಕ್ಕೆ ಬೇಲಿ. ಒತ್ತಡ ಇನ್ನೂ ಹೆಚ್ಚಿದರೆ ಅದೂ ಸೋತು, ಒಂದು ಮಳೆಗೆ ಹುಟ್ಟಿ ಅದೇ ವರ್ಷ ಸಾಯುವ ಕಿರುಹುಲ್ಲುಗಳು ಉಳಿಯುತ್ತವೆ. ಅಲ್ಲಿಂದ ಮುಂದೆ ಬರಿ ನೆಲ, ಕೊರಕಲು, ಬಳ್ಳಾರಿ ಜಾಲಿ. ಹೀಗಾಗಿ ಊಬಿನ ಹುಲ್ಲು ಒಂದು ಎಚ್ಚರಿಕೆಯ ಗಂಟೆ. ಅದು ಹೇರಳವಾಗಿದ್ದರೆ ‘ಇನ್ನೂ ಕಾಲ ಮಿಂಚಿಲ್ಲ, ಆದರೆ ಬಿಡುವು ಕೊಡಿ’ ಎಂದು ನೆಲ ಹೇಳುತ್ತಿದೆ ಎಂದೇ ಅರ್ಥ.

ಈ ಜಾತಿಯ ಹುಲ್ಲುಗಳಿಗೆ ಇನ್ನೊಂದು ಗುಣವಿದೆ. ಸುಡು ಬಿಸಿಲಿನಲ್ಲಿ, ಅಲ್ಪ ನೀರಿನಲ್ಲಿ ಆಹಾರ ತಯಾರಿಸಲು ಇವುಗಳ ಎಲೆಗಳು ವಿಶೇಷವಾಗಿ ಹೊಂದಿಕೊಂಡಿವೆ. ಮೆಕ್ಕೆಜೋಳ, ರಾಗಿ, ಕಬ್ಬುಗಳೂ ಇದೇ ಗುಂಪಿನವು. ಬಿಸಿಲು ಇವುಗಳ ಬಂಡವಾಳ, ನೆರಳು ಇವುಗಳ ಮರಣ. ಹುಲ್ಲುಗಾವಲಿನ ಮೇಲೆ ನೀಲಗಿರಿ, ಅಕೇಶಿಯಾ ನೆಡುತೋಪು ಎದ್ದರೆ ಕೆಳಗಿನ ಹುಲ್ಲು ಕೆಲವೇ ವರ್ಷಗಳಲ್ಲಿ ಏಕೆ ಕಾಣೆಯಾಗುತ್ತದೆ ಎಂಬುದಕ್ಕೆ ಇಷ್ಟೇ ವಿವರಣೆ ಸಾಕು.

ಬೆಳೆಸುವ ಬಗೆ

ಹಾಳಾದ ಗೋಮಾಳದಲ್ಲಿ, ಹೊಲದ ಬದುವಿನಲ್ಲಿ, ಉಳುಮೆಗೆ ಬಾರದ ಗರಸು ನೆಲದಲ್ಲಿ ಊಬಿನ ಹುಲ್ಲನ್ನು ಬೆಳೆಸಬಹುದು. ಅದಕ್ಕೆ ನೀರಾವರಿ ಬೇಡ, ಗೊಬ್ಬರದ ಹಂಗೂ ಇಲ್ಲ. ನೀರು ನಿಲ್ಲುವ ಜಾಗ ಮಾತ್ರ ಆಗದು.

ಮೊದಲ ಕೆಲಸ ಬೀಜ ಸಂಗ್ರಹ. ಮಳೆಗಾಲ ಮುಗಿದು ಊಬು ಕಂದು ಬಣ್ಣಕ್ಕೆ ತಿರುಗಿ ಸಿಕ್ಕುಗಟ್ಟಿದಾಗ, ಆ ಸಿಕ್ಕುಗಳನ್ನು ಕೈಯಿಂದ ಎಳೆದರೆ ಬೀಜ ಗೊಂಚಲಾಗಿ ಬರುತ್ತದೆ. ದಪ್ಪ ಬಟ್ಟೆಯ ಕೈಚೀಲ ಧರಿಸುವುದು ಒಳ್ಳೆಯದು. ನೆರಳಿನಲ್ಲಿ ಒಣಗಿಸಿ, ತೇವ ತಾಗದಂತೆ ಮುಂದಿನ ಮುಂಗಾರಿನವರೆಗೆ ಇಡಬೇಕು. ಹೊಸ ಬೀಜವನ್ನು ಕೂಡಲೇ ಬಿತ್ತಿದರೆ ಮೊಳೆಯುವುದು ತೀರ ಕಡಿಮೆ. ಅದು ಕೆಲವು ತಿಂಗಳು ನಿದ್ರಿಸಲೇಬೇಕು. ಅಕಾಲದ ಮಳೆಗೆ ಮೋಸಹೋಗಿ ಮೊಳೆತು ಸಾಯದಂತೆ ಪ್ರಕೃತಿ ಮಾಡಿದ ಏರ್ಪಾಡು ಇದು. ಹಾಗೆಂದು ವರ್ಷಗಟ್ಟಲೆ ಇಟ್ಟರೂ ಬೀಜದ ಜೀವ ಕುಂದುತ್ತದೆ.

ಬಿತ್ತನೆಯಲ್ಲಿ ಊಬೇ ತೊಡಕು. ಕೈಯಲ್ಲಿ ಎರಚಿದರೆ ಮುದ್ದೆ ಮುದ್ದೆಯಾಗಿ ಬೀಳುತ್ತದೆ, ಕೂರಿಗೆಯಲ್ಲಿ ಇಳಿಯುವುದಿಲ್ಲ. ಇದಕ್ಕೆ ಮೂರು ದಾರಿಗಳಿವೆ. ಊಬನ್ನು ಕತ್ತರಿಸಿ ಬಿತ್ತುವುದು ಒಂದು. ಜೇಡಿಮಣ್ಣು, ಸಗಣಿ, ಮರಳು ಸೇರಿಸಿ ಬೀಜದ ಸಣ್ಣ ಉಂಡೆ ಕಟ್ಟುವುದು ಎರಡು. ಬೀಜ ಬಲಿತ ಹುಲ್ಲನ್ನೇ ಕೊಯ್ದು, ಕೆರೆದು ಸಡಿಲಿಸಿದ ನೆಲದ ಮೇಲೆ ತೆಳ್ಳಗೆ ಹರಡುವುದು ಮೂರನೆಯದು. ಹಾಸಿದ ಹುಲ್ಲು ಮಣ್ಣಿನ ತೇವ ಕಾಯುತ್ತದೆ. ಉಳಿದದ್ದನ್ನು ಊಬು ತಾನೇ ನೋಡಿಕೊಳ್ಳುತ್ತದೆ. ಯಾವ ದಾರಿಯಾದರೂ ಬೀಜ ಆಳಕ್ಕೆ ಹೋಗಬಾರದು, ಅರ್ಧ ಅಂಗುಲ ಸಾಕು. ಆಳ ಉಳುಮೆಯೂ ಬೇಡ, ಅದು ಉಳಿದಿರುವ ಹಳೆಯ ಬುಡಗಳನ್ನೇ ಕೊಲ್ಲುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಣ್ಣ ಗೆರೆಗಳನ್ನು ಎಳೆದರೆ ಆಯಿತು.

ಬೀಜಕ್ಕಿಂತ ನಂಬಿಕಸ್ಥ ದಾರಿ ಬುಡ ಸೀಳಿ ನೆಡುವುದು. ಆರಿದ್ರ ಮಳೆಯ ಹೊತ್ತಿಗೆ ನೆಲ ಚೆನ್ನಾಗಿ ನೆನೆದಾಗ ಒಂದು ಹಳೆಯ ಬುಡವನ್ನು ಬೇರುಸಹಿತ ಎತ್ತಿ, ಗರಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಮೂರು ನಾಲ್ಕು ತೆಂಡೆಗಳ ತುಂಡುಗಳಾಗಿ ಸೀಳಬೇಕು. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಬುಡದಿಂದ ಬುಡಕ್ಕೆ ಒಂದಡಿ ಅಂತರ ಕೊಟ್ಟು, ಬೇರು ಮುಚ್ಚುವಂತೆ ನೆಟ್ಟು, ಸುತ್ತಲ ಮಣ್ಣನ್ನು ಕಾಲಿನಿಂದ ಒತ್ತಬೇಕು. ಒಂದೇ ಕಾವಲಿನಿಂದ ಎಲ್ಲ ಬುಡಗಳನ್ನೂ ಕೀಳಬಾರದು. ಒಂದನ್ನು ಉಳಿಸಲು ಇನ್ನೊಂದನ್ನು ಬರಿದು ಮಾಡಿದಂತಾಗುತ್ತದೆ.

ನೆಟ್ಟ ಮೇಲೆ ಬೇಕಾದದ್ದು ಸಂಯಮ. ಮೊದಲ ವರ್ಷ ದನ ಬಿಡಲೇಬಾರದು. ಬೇರು ಇಳಿಯಲಿ, ಬೀಜ ಉದುರಲಿ. ಎರಡನೆಯ ವರ್ಷದಿಂದ ತೆನೆ ಬಿಡುವ ಮುನ್ನ ಕುಡುಗೋಲಿನಿಂದ ನಾಲ್ಕು ಅಂಗುಲ ಉಳಿಸಿ ಕೊಯ್ದರೆ ಮೆದುವಾದ ಮೇವು ಸಿಗುತ್ತದೆ. ಆಗ ಕೊಯ್ದದ್ದನ್ನು ಒಣಗಿಸಿ ಬಣವೆ ಹಾಕಬಹುದು. ತೆನೆ ಬಲಿತ ಮೇಲೆ ಕೊಯ್ದರೆ ಸತ್ವ ಕಡಿಮೆ, ಮುಳ್ಳು ಹೆಚ್ಚು. ಮೇಯಿಸುವುದಾದರೂ ಹೂ ಬಿಡುವ ಮುನ್ನ, ಇಲ್ಲವೆ ಊಬೆಲ್ಲ ಉದುರಿದ ಅನಂತರ. ಪ್ರತಿ ವರ್ಷ ಒಂದು ಭಾಗವನ್ನು ಬೀಜಕ್ಕಾಗಿ ಬಿಡಬೇಕು. ಕುರಿ ಸಾಕುವವರು ಈ ಹುಲ್ಲಿನ ಬದಲು ಸೆಹಿಮಾ, ಅಂಜನ್ ಹುಲ್ಲುಗಳನ್ನು ಆರಿಸುವುದು ಲೇಸು. ಝಾನ್ಸಿಯಲ್ಲಿ 1962ರಲ್ಲಿ ಸ್ಥಾಪನೆಯಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಭಾರತದ ಕೇಂದ್ರ ಧಾರವಾಡದಲ್ಲಿದೆ. ಮೇವಿನ ಹುಲ್ಲುಗಳ ಬಗ್ಗೆ ಅಲ್ಲಿ ಕೆಲಸ ನಡೆಯುತ್ತದೆ.

ಬೆಂಕಿಯ ಮಾತು ಬೇರೆ. ಊಬಿನ ಹುಲ್ಲು ಬೆಂಕಿಯನ್ನು ತಾಳುತ್ತದೆ, ಸುಟ್ಟ ಮೇಲೆ ಬೇಗ ಚಿಗುರುತ್ತದೆ. ಆದರೆ ಪ್ರತಿ ವರ್ಷ ಬೆಂಕಿ ಇಟ್ಟರೆ ಮೆದು ಹುಲ್ಲುಗಳು ಸಾಯುತ್ತವೆ, ಮಣ್ಣು ಬರಿದಾಗುತ್ತದೆ. ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧವೂ ಹೌದು. ಕೊಯ್ಲು ಸರಿಯಾಗಿ ನಡೆದರೆ ಬೆಂಕಿಯ ಅಗತ್ಯವೇ ಬೀಳದು.

ಬಂಜರು ಎಂಬ ಹಣೆಪಟ್ಟಿ

ಇಷ್ಟೆಲ್ಲ ಮಾಡಿದರೂ ಸಿಗುವುದು ಹುಲ್ಲಿನ ಬೆಳೆ, ಹುಲ್ಲುಗಾವಲಲ್ಲ. ಹತ್ತಾರು ಹುಲ್ಲುಗಳು, ನಡುವಿನ ದ್ವಿದಳ ಗಿಡಗಳು, ಗೆಡ್ಡೆಗಳು, ಗೆದ್ದಲು, ಹಕ್ಕಿ, ಮೃಗ ಎಲ್ಲ ಒಂದಾಗಿ ನೆಲೆಯೂರಲು ದಶಕಗಳು ಬೇಕು. ಬುಡ ಸಮೇತ ಉತ್ತು ಹಾಕಿದ ಹಳೆಯ ಹುಲ್ಲುಗಾವಲು ತನ್ನ ಮೊದಲಿನ ಸಂಪತ್ತಿಗೆ ಮರಳುವುದು ಬಹಳ ನಿಧಾನ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಆದ್ದರಿಂದಲೇ ಉಳಿದದ್ದನ್ನು ಉಳಿಸಿಕೊಳ್ಳುವುದು ಬೆಳೆಸುವುದಕ್ಕಿಂತ ಅಗ್ಗ.

ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಅಮೃತ ಮಹಲ್ ಕಾವಲುಗಳಲ್ಲಿ ಇಂದು ಉಳಿದಿರುವುದು ಅಲ್ಪ ಭಾಗ. ಸ್ವಾತಂತ್ರ್ಯಾನಂತರ ಸಾಗುವಳಿಗೆ, ಊರುಗಳಿಗೆ, ನೆಡುತೋಪುಗಳಿಗೆ, ಸರ್ಕಾರದ ಯೋಜನೆಗಳಿಗೆ ನೆಲ ಹೋಯಿತು. ಭೂಮಿಯಿಲ್ಲದವರಿಗೆ ಭೂಮಿ ಸಿಕ್ಕಿದ್ದು ಅನ್ಯಾಯವೇನಲ್ಲ. ಆದರೆ ಕಂದಾಯ ತಾರದ, ಮರವಿಲ್ಲದ ನೆಲವನ್ನೆಲ್ಲ ‘ಪಾಳು’ ಎಂದು ಬರೆದಿಟ್ಟ ವಸಾಹತು ಕಾಲದ ಲೆಕ್ಕ ಹಾಗೆಯೇ ಮುಂದುವರಿದದ್ದರಿಂದ, ಹುಲ್ಲು ಇದ್ದ ನೆಲ ಯಾರ ಬಳಕೆಯಲ್ಲೂ ಇಲ್ಲದ ನೆಲ ಎಂಬ ತಪ್ಪು ಕಲ್ಪನೆ ಬೇರೂರಿತು. ದನ ಮೇಯಿಸುವವರು, ಕುರಿಗಾಹಿಗಳು ಆ ಲೆಕ್ಕದಲ್ಲಿ ಬರಲೇ ಇಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಸುತ್ತಲ ಹಳ್ಳಿಗಳವರು ಪ್ರತಿಭಟಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ದೇಶಕ್ಕೆ ಪ್ರಯೋಗಾಲಯವೂ ಬೇಕು, ಹುಲ್ಲೂ ಬೇಕು. ಆದರೆ ಎರಡನೆಯದರ ಬೆಲೆಯನ್ನು ಎಣಿಸುವ ಪದ್ಧತಿಯೇ ಇಲ್ಲದಿರುವುದು ತೊಂದರೆಯ ಮೂಲ.

ಬೇರೆ ಬಗೆಯ ಉದಾಹರಣೆಯೂ ಇದೇ ಸೀಮೆಯಲ್ಲಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ವಿಸ್ತೀರ್ಣ ಏಳು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ದನಕ್ಕಾಗಿ ಕಾದ ಹುಲ್ಲು ಮೃಗಕ್ಕೂ ಆಸರೆಯಾಯಿತು ಎಂಬುದಕ್ಕೆ ಇದು ಸಾಕ್ಷಿ. ಹುಲ್ಲುಗಾವಲುಗಳ ಕಡೆ ಜಗತ್ತಿನ ಗಮನ ಸೆಳೆಯಲು ವಿಶ್ವಸಂಸ್ಥೆಯ ಮಹಾಸಭೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು 2022ರಲ್ಲೇ ಘೋಷಿಸಿತು.

ಬೆಣ್ಣೆ ಚಾವಡಿಯ ಕಾಲದವರಿಗೆ ಈ ಯಾವ ಘೋಷಣೆಯೂ ಗೊತ್ತಿರಲಿಲ್ಲ. ಹುಲ್ಲಿಗೆ ಋತುವಿದೆ, ಬಿಡುವು ಬೇಕು, ಕಾಯುವವನೊಬ್ಬ ಬೇಕು ಎಂಬ ಮೂರು ಸಂಗತಿಗಳು ಮಾತ್ರ ಗೊತ್ತಿದ್ದವು. 1866ರಲ್ಲಿ ಮತ್ತೆ ದನ ಕಟ್ಟಲು ಹೊರಟವರಿಗೆ ಹುಲ್ಲು ಸಿದ್ಧವಾಗಿತ್ತು. ಮುಂದೊಂದು ದಿನ ಹುಲ್ಲನ್ನೇ ಮತ್ತೆ ಕಟ್ಟಲು ಹೊರಡುವವರಿಗೆ ಒಂದು ಚೀಲ ಬೀಜ, ನಾಲ್ಕು ಬುಡ ಬೇರು ಸಿಗಬೇಕಾದರೆ, ಉಳಿದಿರುವ ಕಾವಲುಗಳಲ್ಲಿ ಆ ಹೆಸರಿಗೆ ತಕ್ಕ ಕೆಲಸ ಈಗ ನಡೆಯಬೇಕು.